ಧೂಳು ಕೆಸರಲ್ಲ

ಮಾರ್ಚ್ 3, ಸೋಮವಾರ

ದೊಡ್ಡಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬಲಗಣ್ಣಿನ ಒಳಪರದೆ ಕಿತ್ತುಬಂದಿತ್ತಂತೆ. ವೈದ್ಯರು ಅದನ್ನು ಅಂಟಿಸಿ ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಮೇಲಕ್ಕೇರಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ದೊಡ್ಡಮ್ಮ ಎರಡು ವಾರ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟ, ಮಾತು, ನಿದ್ದೆ ಎಲ್ಲ ನೆಲ ನೋಡಿಕೊಂಡೇ. ಎಡಗಣ್ಣು ಮೊದಲಿನಿಂದಲೂ ಮಬ್ಬು, ಅಕ್ಷರ ಕಾಣುವುದಿಲ್ಲ.

ಮಂಚದ ತುದಿಗೆ ಎರಡು ದಿಂಬು ಇಟ್ಟು ನಡುವೆ ಸಂದು ಬಿಟ್ಟೆ. ಮುಖ ಆ ಸಂದಿನಲ್ಲಿ. ಅಲ್ಲಿಂದ ಅವರಿಗೆ ಕಾಣುವುದು ನೆಲ, ಮತ್ತೆ ನನ್ನ ಪಾದ.

"ಬುಗುರಿ, ಒಂದು ಕಡೆ ನಿಂತ್ಕೊಳ್ಳೇ. ನಿನ್ನ ಕಾಲು ನೋಡಿ ನೋಡಿ ನನಗೇ ತಲೆ ಸುತ್ತುತ್ತೆ."

ಬುಗುರಿ ಅನ್ನುವುದು ಮನೆಯವರು ನನಗಿಟ್ಟ ಹೆಸರು. ತಪ್ಪೇನಿಲ್ಲ. ಶಾಲೆ ಬಿಟ್ಟ ಮೇಲೆ ಚಪ್ಪಲಿ ಅಂಗಡಿ ಬಿಟ್ಟೆ, ಜೆರಾಕ್ಸ್ ಅಂಗಡಿ ಬಿಟ್ಟೆ, ಬೇಕರಿ ನನ್ನನ್ನು ಬಿಟ್ಟಿತು. ಚಪ್ಪಲಿ ಅಂಗಡಿಯಲ್ಲಿ ಒಬ್ಬರಿಗೆ "ಇದು ನಿಮ್ಮ ಹಿಮ್ಮಡಿ ಕಚ್ಚುತ್ತೆ" ಅಂದಿದ್ದೆ. ಕಚ್ಚುತ್ತಿತ್ತು.

ಅಮ್ಮ ಬಸ್ ಡಿಪೋದ ಕೆಲಸಕ್ಕೆ ಹೊರಡುವಾಗ ಹೇಳಿದಳು: "ಎರಡು ವಾರ ಅಷ್ಟೇ. ಕೂತ್ಕೋ. ಅಕ್ಕನಿಗೆ ಕಣ್ಣಾಗು."

ಕೂರುವುದೇ ತಾನೇ ಕಷ್ಟ.

ಮಾರ್ಚ್ 4, ಮಂಗಳವಾರ

ದೊಡ್ಡಮ್ಮನ ಕೆಲಸ ಏನೆಂದು ಇಷ್ಟು ವರ್ಷ ಸರಿಯಾಗಿ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಮಂಗಳವಾರ, ಗುರುವಾರ, ಭಾನುವಾರ ಒಂದು ಪದಬಂಧ ಬರುತ್ತದೆ. ಮಾಮೂಲಿನದಲ್ಲ. ಸುಳಿವುಗಳು ಒಗಟಿನ ಹಾಗಿರುತ್ತವೆ. ಹೇಳುವುದು ಒಂದು, ಒಳಗಿರುವುದು ಇನ್ನೊಂದು. ಹೆಣೆಯುವವನು 'ಜೇಡ' ಅನ್ನುವ ಹೆಸರಿನಲ್ಲಿ ಬರೆಯುತ್ತಾನೆ. ಮರುದಿನ 'ಬಿಚ್ಚಿದ ಗಂಟು' ಅಂಕಣದಲ್ಲಿ ಪ್ರತಿ ಸುಳಿವಿಗೂ ಆ ಉತ್ತರ ಯಾಕೆ ಎಂದು ದೊಡ್ಡಮ್ಮ ವಿವರಿಸುತ್ತಾರೆ. ಸಂಜೆ ಐದರೊಳಗೆ ಕಳಿಸಬೇಕು.

ತಮಾಷೆ ಏನೆಂದರೆ, ಪತ್ರಿಕೆ ಅವರಿಗೆ ಉತ್ತರ ಕೊಡುವುದಿಲ್ಲ. ಎಲ್ಲ ಓದುಗರ ಹಾಗೆ ಅವರೂ ಬೆಳಿಗ್ಗೆ ಪೇಪರು ಬಿಡಿಸಿ ಕೂರಬೇಕು. ಜೇಡನನ್ನು ಅವರು ನೋಡಿಯೇ ಇಲ್ಲ.

"ಗಂಟು ಹಾಕೋನೂ ಬಿಚ್ಚೋಳೂ ಒಳಗೊಳಗೇ ಮಾತಾಡಿಕೊಂಡ್ರೆ ಅದು ಆಟ ಅಲ್ಲ ಕಣೇ, ನಾಟಕ," ಅಂದರು.

ಮೊದಲ ಸುಳಿವು ಓದಿದೆ, ಕಂಸದಲ್ಲಿರುವುದು ಉತ್ತರದ ಅಕ್ಷರಗಳ ಲೆಕ್ಕ: "ಅವಸರದಲ್ಲೂ ಕೊರಳಿಗೆ ಹಾಕಿಕೊಂಡದ್ದು (2)."

"ಸರ," ಅಂದೆ ತಕ್ಷಣ.

"ಯಾಕೆ?"

"ಕೊರಳಿಗೆ ಸರಾನೇ ಅಲ್ವಾ ಹಾಕೋದು?"

"ಹಾರ ಯಾಕಾಗಬಾರದು? ತಾಳಿ ಯಾಕಾಗಬಾರದು? ಹಗ್ಗ ಯಾಕಾಗಬಾರದು? ಅವಸರ ಅಂತ ಯಾಕೆ ಬರೆದ ಅವನು?"

ಪೇಪರು ನೋಡಿದೆ. ಅವಸರ. ಅ, ವ, ಸರ. ಒಳಗೇ ಕೂತಿದೆ! ನನಗೆ ಗೊತ್ತಿಲ್ಲದೆ ಕೂಗಿಬಿಟ್ಟೆ. ಪಕ್ಕದ ಮನೆಯ ನಾಯಿ ಬೊಗಳಿತು.

"ಉತ್ತರ ಸರಿಯಾದ್ರೆ ಸಾಲದು," ಅಂದರು ದೊಡ್ಡಮ್ಮ ನೆಲಕ್ಕೆ. "ಸುಳಿವಿನಲ್ಲಿ ಒಂದೇ ಒಂದು ಪದ ಕೆಲಸ ಇಲ್ಲದೆ ನಿಂತಿದ್ರೂ ನೀನು ಬಿಡಿಸಿಲ್ಲ ಅಂತಾನೇ ಅರ್ಥ."

ಮಾರ್ಚ್ 5, ಬುಧವಾರ

ಪತ್ರಿಕೆಯಿಂದ ಫೋನ್. ಆ ಪುಟ ನೋಡಿಕೊಳ್ಳುವವರು. ದೊಡ್ಡಮ್ಮ ಅವರನ್ನು 'ಕತ್ತರಿ' ಅನ್ನುತ್ತಾರೆ. ಯಾರ ಬರಹ ಬಂದರೂ ಮೊದಲು ಎಲ್ಲಿ ಕತ್ತರಿಸಲಿ ಎಂದೇ ನೋಡುತ್ತಾರಂತೆ.

"ಅಮ್ಮಾವ್ರು ಹೇಗಿದ್ದಾರೆ? ಕಣ್ಣು ಕಾಣುತ್ತಾ?"

ದೊಡ್ಡಮ್ಮ ಮಂಚದಿಂದ ಕೈ ಬೀಸಿದರು. ಕಾಣುತ್ತೆ ಅಂತ ಹೇಳು ಅನ್ನುವ ಸನ್ನೆ.

"ಕಾಣಲ್ಲ," ಅಂದೆ. "ಬಿಡಿಸೋದು ಅವರು, ಓದೋದು ಬರೆಯೋದು ನಾನು."

"ನೀವ್ಯಾರು? ಏನು ಓದಿದೀರಿ?"

"ತಂಗಿ ಮಗಳು. ಶಾಲೆ ಬಿಟ್ಟಿದೀನಿ."

ಅವರು ತುಂಬ ಮೆತ್ತಗೆ ಹೇಳಿದರು: ತಿಂಗಳ ಕೊನೆಗೆ ಪುಟ ಹೊಸದಾಗುತ್ತದೆ, ಜಾಗ ಕಡಿಮೆ. ವಿವರಣೆ ತೆಗೆದು ಬರೀ ಉತ್ತರ ಹಾಕಿದರೆ ಸಾಕು ಎಂದು ಸಂಪಾದಕರಿಗೆ ತಾವು ಹೇಳಿದ್ದಾಗಿದೆ. ಅವರಿನ್ನೂ ತೀರ್ಮಾನಿಸಿಲ್ಲ. "ಈ ನಡುವೆ ಒಂದು ತಪ್ಪು ಆಗದಿರಲಿ ನೋಡಿ, ಅಷ್ಟೇ."

ಫೋನ್ ಇಟ್ಟ ಮೇಲೆ ದೊಡ್ಡಮ್ಮ ಕೇಳಿದರು: "ನಿನ್ನ ನಾಲಿಗೆ ನಮ್ಮ ಕಡೇದೋ, ಅವನ ಕಡೇದೋ?"

"ಕಾಣಲ್ಲ ತಾನೇ?"

"ಕಾಣಲ್ಲ. ಅದನ್ನ ಊರಿಗೆಲ್ಲ ಸಾರಬೇಕಾ?" ಆಮೇಲೆ ಅಂದರು: "ಆ ಅಂಕಣ ಹೋದ್ರೆ ನಾನು ಬೆಳಿಗ್ಗೆ ಎದ್ದು ಏನು ಮಾಡಲಿ, ಹೇಳು."

ಅವರ ಮುಖ ಕಾಣುತ್ತಿರಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿಗೂ ಮುಖಭಾವ ಇರುತ್ತದೆ ಎಂದು ಇವತ್ತು ಗೊತ್ತಾಯಿತು.

ಮಾರ್ಚ್ 6, ಗುರುವಾರ

"ಹೊಸದು ಹಿಂದೆ ತಿರುಗಿದರೆ ಕಾಡು (2)." ನವ, ತಿರುಗಿಸಿದರೆ ವನ. ನಾನೇ ಬಿಡಿಸಿದೆ, ನಾನೇ ಬಿಡಿಸಿ ಹೇಳಿದೆ. ದೊಡ್ಡಮ್ಮ "ಹೂಂ" ಅಂದರು. ಅವರ ಹೂಂ ಎಂದರೆ ಬೇರೆಯವರ ಚಪ್ಪಾಳೆ.

ಮಾರ್ಚ್ 9, ಭಾನುವಾರ

ಭಾನುವಾರದ ಬಂಧ ದೊಡ್ಡದು. "ಎಲ್ಲೆಯ ಪಕ್ಕ ಯಾರ ಟಿಕ್ ಟಿಕ್? (4)." ಇದು ಮಾತ್ರ ಎಷ್ಟು ಹೊತ್ತಾದರೂ ಬಗ್ಗಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ. ತಟ್ಟೆ ಉಜ್ಜುವಾಗ ಬಂತು. ಎಲ್ಲೆ ಎಂದರೆ ಗಡಿ. ಅದರ ಪಕ್ಕಕ್ಕೆ ಯಾರ. ಗಡಿಯಾರ! ಸೋಪಿನ ಕೈಯಲ್ಲೇ ಓಡಿದೆ.

"ನಡುಮನೆಯಲ್ಲಿ ಜಾರಿ ಬಿದ್ರೆ ನನಗೂ ನಿನಗೂ ಒಂದೇ ಮಂಚ," ಅಂದರು ದೊಡ್ಡಮ್ಮ. ಆದರೆ ನಕ್ಕರು. ನಗಬಾರದು, ಕಣ್ಣಿಗೆ ಒತ್ತಡ.

ವಿವರಣೆ ಬರೆಯುವಾಗ ಗಣಿತದ ಮೇಷ್ಟ್ರು ನೆನಪಾದರು. ನನಗೆ ಲೆಕ್ಕದ ಉತ್ತರ ಮೊದಲೇ ಹೊಳೆದುಬಿಡುತ್ತಿತ್ತು. "ಉತ್ತರ ಸರಿ, ದಾರಿ ಎಲ್ಲಿ?" ಅನ್ನುತ್ತಿದ್ದರು. ಗೊತ್ತಿಲ್ಲ, ಹೊಳೀತು ಎಂದರೆ ನಂಬುತ್ತಿರಲಿಲ್ಲ. ನಕಲು ಮಾಡಿದೆ ಎಂದು ಬರೆದುಕೊಡು, ಬಿಟ್ಟುಬಿಡುತ್ತೇನೆ ಅಂದರು. ಮಾಡದ್ದನ್ನು ಬರೆದುಕೊಡಲಿಲ್ಲ. ಅವರು ಬಿಡಲಿಲ್ಲ, ನಾನು ಶಾಲೆ ಬಿಟ್ಟೆ.

ಇಲ್ಲಿಯೂ ಕೇಳುವುದು ಅದನ್ನೇ, ದಾರಿ ಎಲ್ಲಿ ಎಂದು. ಆದರೆ ಇಲ್ಲಿ ಕೇಳಿದಾಗ ಸಿಟ್ಟು ಬರುವುದಿಲ್ಲ. ಯಾಕೋ ಗೊತ್ತಿಲ್ಲ.

ಮಾರ್ಚ್ 11, ಮಂಗಳವಾರ

ಇವತ್ತಿನದನ್ನು ಬರೆದಿಡಲೇಬೇಕು.

ಬೆಳಿಗ್ಗೆ ದೊಡ್ಡಮ್ಮನಿಗೆ ಕಣ್ಣುನೋವು ಜಾಸ್ತಿಯಾಗಿ ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಒತ್ತಡ ಏರಿದೆ, ಇಂದು ಅಲ್ಲೇ ಇರಬೇಕು ಎಂದರಂತೆ. ಪದಬಂಧದ ಜೊತೆ ನಾನೊಬ್ಬಳೇ. ಒಂದೊಂದಾಗಿ ಎಲ್ಲ ಬಿದ್ದವು. ಉಳಿದದ್ದು ಒಂದು. ಹದಿನಾಲ್ಕು, ಎಡದಿಂದ ಬಲಕ್ಕೆ:

"ಎದುರಿಗಿರುವವನು ಅರ್ಧ, ಧೂಳು ಪೂರ್ತಿ, ಕೊಳದಲ್ಲಿ ಅರಳುತ್ತದೆ (3)."

ಮೊದಲ ಮನೆಯಲ್ಲಿ ಪಂ ಬಂದಿದೆ, ಕೊನೆಯಲ್ಲಿ ಜ. ನಡುವಿನ ಮನೆಯನ್ನು ಬೇರೆ ಯಾವ ಪದವೂ ಹಾಯುವುದಿಲ್ಲ. ಕೊಳದಲ್ಲಿ ಅರಳುವುದು ತಾವರೆ. ಹಾಗಾದರೆ ಪಂಕಜ. ಬೇರೆ ಏನೂ ಆಗಲು ಸಾಧ್ಯವಿಲ್ಲ. ಆದರೆ ಯಾಕೆ? ಎದುರಿಗಿರುವವನು ಯಾರು?

ನಾಲ್ಕೂವರೆಗೆ ಆಸ್ಪತ್ರೆಗೆ ಫೋನ್ ಮಾಡಿದೆ. ದೊಡ್ಡಮ್ಮನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಪಂಕ ಅಂದ್ರೆ ಕೆಸರು. ಧೂಳು ನೀರಿಗೆ ಬಿದ್ರೆ ಕೆಸರು. ಹಾಗೇ ಬರೆದು ಕಳಿಸೇ."

"ಧೂಳು ಕೆಸರಲ್ಲ ದೊಡ್ಡಮ್ಮ. ಧೂಳು ಒಣಗಿರುತ್ತೆ. ನೀರು ಅಂತ ಸುಳಿವಿನಲ್ಲಿ ಎಲ್ಲಿದೆ? ಎದುರಿಗಿರೋನು ಎಲ್ಲಿ ಹೋದ?"

"ಹೋಗಲಿ ಬಿಡು ಅವನು! ಒಂದೇ ಒಂದು ಸಲ ಯಾರೂ ಕೇಳಲ್ಲ."

"ಕೆಲಸ ಇಲ್ಲದ ಪದ ನಿಲ್ಲಬಾರದು ಅಂದಿದ್ದು ನೀವೇ."

"ಬುಗುರಿ, ಕತ್ತರಿ ಕಾಯ್ತಾ ಇದ್ದಾನೆ ಕಣೇ." ಅಷ್ಟರಲ್ಲಿ ನರ್ಸ್ ಫೋನ್ ಕಿತ್ತುಕೊಂಡರು.

ಐದಕ್ಕೆ ಎರಡು ನಿಮಿಷ ಇರುವಾಗ ಹೀಗೆ ಬರೆದು ಕಳಿಸಿದೆ: "14 ಎಡದಿಂದ ಬಲಕ್ಕೆ: ಪಂಕಜ. ಉತ್ತರ ಇದೇ ಇರಬೇಕು. ಯಾಕೆಂದು ನನಗೆ ಗೊತ್ತಾಗಲಿಲ್ಲ."

ಮಾರ್ಚ್ 12, ಬುಧವಾರ

ಅಚ್ಚಾಗಿದೆ. ಕತ್ತರಿ ಒಂದು ಅಕ್ಷರವನ್ನೂ ಕತ್ತರಿಸಿಲ್ಲ. ಅದೇ ಭಯ ಹುಟ್ಟಿಸುವ ಸಂಗತಿ.

ಫೋನ್ ಬಂತು. "ವಿವರಿಸೋ ಅಂಕಣದಲ್ಲೇ ಗೊತ್ತಿಲ್ಲ ಅಂತ ಬಂದ್ರೆ ಅಂಕಣ ಯಾಕೆ ಬೇಕು? ಸಂಪಾದಕರ ಮೇಜಿನ ಮೇಲೆ ಇಟ್ಟಿದ್ದೀನಿ. ಮುಂದಿನ ವಾರ ತೀರ್ಮಾನ."

ದೊಡ್ಡಮ್ಮ ಮನೆಗೆ ಬಂದರು. ಮತ್ತೆ ದಿಂಬಿನ ಸಂದಿಗೆ ಮುಖ ಇಟ್ಟರು. ಅಂಕಣ ಓದು ಅಂದರು, ಓದಿದೆ. ಪೇಪರು ಮಡಿಚಿಡು ಅಂದರು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಅಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು: "ಅವಳ ಇಷ್ಟು ವರ್ಷದ ದುಡಿಮೆ. ನಿನ್ನ ಹಠಕ್ಕೆ ಬಲಿ ಕೊಡಬೇಕಿತ್ತಾ?"

ಸುಳ್ಳು ಹೇಳಲಾರದೆ ನಾನು ಎಷ್ಟೋ ಕೆಲಸ ಕಳೆದುಕೊಂಡಿದ್ದೇನೆ. ಆದರೆ ಎಲ್ಲ ನನ್ನವು. ಇನ್ನೊಬ್ಬರದ್ದನ್ನು ಕಳೆದದ್ದು ಇದೇ ಮೊದಲು.

ಮಾರ್ಚ್ 13, ಗುರುವಾರ

ಹೊಸ ಬಂಧ. ಓದಿದೆ, ಬರೆದೆ, ಕಳಿಸಿದೆ. ದೊಡ್ಡಮ್ಮ ಬೇಕಾದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಮಾರ್ಚ್ 14, ಶುಕ್ರವಾರ

ಓದುಗರ ಪತ್ರಗಳ ಹೊಳೆ. ಕತ್ತರಿ ಎಲ್ಲವನ್ನೂ ನನ್ನ ಮೇಲೆ ಸುರಿದಿದ್ದಾರೆ. ಇಷ್ಟು ಪತ್ರ ಹಿಂದೆಂದೂ ಬಂದಿಲ್ಲವಂತೆ. ಎಲ್ಲರಿಗೂ ಯಾಕೆಂದು ಗೊತ್ತಿದೆ, ಒಬ್ಬೊಬ್ಬರಿಗೆ ಒಂದೊಂದು. ಧೂಳಿಗೆ ಮಳೆ ಬಿದ್ದರೆ ಕೆಸರು ಎಂದವರು ಹೆಚ್ಚು. ಒಬ್ಬರ ಪ್ರಕಾರ ಎದುರಿಗಿರುವವನು ಪಂಡಿತ, ಅವನ ಅರ್ಧ ಪಂ. ಮೂರಕ್ಷರದ ಪಂಡಿತನನ್ನು ಸರಿಯಾಗಿ ಅರ್ಧ ಮಾಡುವ ಗರಗಸ ಯಾವುದೋ! ಇನ್ನೊಬ್ಬರ ಪ್ರಕಾರ ಎದುರಿಗಿರುವವನು ಪಂಚಾಯಿತಿಯವನು.

ದೊಡ್ಡಮ್ಮನಿಗೆ ಓದಿ ಹೇಳಿದೆ. ಪಂಚಾಯಿತಿಯವನು ಬಂದಾಗ ಅವರ ಬೆನ್ನು ಕುಲುಕಿತು. ಎರಡು ದಿನದ ಮೇಲೆ ಮೊದಲ ಸಲ.

"ಯಾವುದೂ ಕೂರಲ್ಲ ಅಲ್ವಾ ದೊಡ್ಡಮ್ಮ?"

"ಕೂರಲ್ಲ," ಅಂದರು. "ನಾನು ಹೇಳಿದ್ದೂ ಕೂರಲ್ಲ."

ಹಾಗಾದರೆ ತಪ್ಪು ಎಲ್ಲಿದೆ? ಬಿಡಿಸುವವರಲ್ಲಿ ಇಲ್ಲದಿದ್ದರೆ ಹೆಣೆದವನಲ್ಲಿ. "ಜೇಡ ತಪ್ಪು ಮಾಡಿದ್ದಿದೆಯಾ?" ಎಂದೆ.

"ನನಗೆ ಗೊತ್ತಿದ್ದ ಹಾಗೆ ಇಲ್ಲ. ಒಂದು ಸುಳಿವನ್ನೂ ಬರಿಮೈಯಲ್ಲಿ ಬಿಟ್ಟೋನಲ್ಲ. ಎರಡಕ್ಷರದ ಪದಕ್ಕೂ ಅಂಗಿ ತೊಡಿಸಿಯೇ ಕಳಿಸ್ತಾನೆ."

ಬರಿಮೈ. ಆ ಮಂಗಳವಾರದ ಪುಟ ತೆಗೆದು ಸುಳಿವುಗಳನ್ನು ಮತ್ತೆ ಮೇಲಿನಿಂದ ಓದಿದೆ. ಒಂದು ಬರಿಮೈಯಲ್ಲೇ ನಿಂತಿತ್ತು. ಹದಿನಾಲ್ಕು, ಮೇಲಿನಿಂದ ಕೆಳಕ್ಕೆ: "ದೀವಟಿಗೆ (2)." ಉತ್ತರ ಪಂಜು. ಒಗಟಿಲ್ಲ, ತಿರುವಿಲ್ಲ, ನಿಘಂಟಿನಿಂದ ಎತ್ತಿ ಇಟ್ಟ ಹಾಗೆ. ಮತ್ತೆ ಅದು ಶುರುವಾಗುವುದು ಪಂಕಜದ ಪಂ ಇರುವ ಮನೆಯಲ್ಲೇ.

"ದೊಡ್ಡಮ್ಮ, ಹೆಣೆಯೋನು ಒಂದು ಮೂಲೆ ಕಿತ್ತು ಮತ್ತೆ ಹೆಣೀತಾನಾ?"

"ಬೇಕಾದಷ್ಟು ಸಲ. ಒಂದು ಪದ ಹಿಡಿಸದಿದ್ರೆ ಅದನ್ನ ಮುಟ್ಟೋ ಪದಗಳನ್ನೂ ಬದಲಿಸಬೇಕಾಗುತ್ತೆ..." ಅಲ್ಲಿಗೆ ಮಾತು ನಿಂತಿತು. "ಬುಗುರಿ! ಪಂ ತೆಗಿ."

"ತೆಗೆದೆ."

"ತಾವರೆಗೆ ಇನ್ನೆಷ್ಟು ಹೆಸರು? ಕೊನೆಗೆ ಜ ಇರೋವು."

"ಜಲಜ. ಸರೋಜ. ವನಜ. ನೀರಜ..."

ನಾಲ್ಕನೆಯದು ಹೇಳುತ್ತಿದ್ದಂತೆ ನಾಲಿಗೆ ಅಲ್ಲೇ ಕಚ್ಚಿಕೊಂಡಿತು. ನನ್ನ ಎದುರಿಗಿರುವವನು ಯಾರೇ ಆಗಲಿ, ನನಗೆ ಅವನು ನೀನು. ಅರ್ಧ ನೀನು, ನೀ. ಉಳಿದದ್ದು ರಜ. ನಿಘಂಟಿಗೆ ಓಡಿದೆ. ರಜ: ಧೂಳು!

ಧೂಳು ಪೂರ್ತಿ! ನೀ, ರಜ, ನೀರಜ! ಒಂದು ಪದವೂ ಉಳಿಯಲಿಲ್ಲ. ಹೆಣೆದವನು ಮೊದಲು ನೀರಜ ಇಟ್ಟಿದ್ದ. ಆಮೇಲೆ ಕೆಳಕ್ಕೆ ಇಳಿಯುವ ಪದ ಬದಲಿಸಿದ, ನೀ ಹೋಗಿ ಪಂ ಬಂತು. ತಾವರೆ ತಾವರೆಯಾಗಿಯೇ ಉಳಿದದ್ದರಿಂದ ಸುಳಿವು ಹಳೆಯದೇ ಎಂದು ಅವನಿಗೂ ಕಾಣಲಿಲ್ಲ, ಊರಿಗೂ ಕಾಣಲಿಲ್ಲ!

ನಾನು ಕುಣಿದೆ. ದೊಡ್ಡಮ್ಮ ಮಂಚ ಬಡಿದರು. "ಕಿರುಚು! ನನ್ನ ಪಾಲಿಂದೂ ನೀನೇ ಕಿರುಚು, ನಾನು ಕಿರುಚಬಾರದು!"

ಇಬ್ಬರ ಪಾಲಿನದನ್ನೂ ಕಿರುಚಿದೆ. ನಾಯಿ ಮೂರನೆಯ ಪಾಲು ಸೇರಿಸಿತು.

ಮಾರ್ಚ್ 15, ಶನಿವಾರ

ವಿವರಣೆಯನ್ನು ಐದು ಸಲ ಬರೆದು ಹರಿದೆ. ತಪ್ಪು ಹಿಡಿದೆ ಎಂದು ಮೆರೆದ ಹಾಗೆ ಕಾಣಬಾರದು. ಕಡೆಗೆ ನಡೆದದ್ದು ನಡೆದ ಹಾಗೆ ಬರೆದೆ. ಗೊತ್ತಾಗದ್ದು, ಬರಿಮೈ ಸುಳಿವು ಕಂಡದ್ದು, ಪಂ ತೆಗೆದದ್ದು. ದೊಡ್ಡಮ್ಮ ಮೂರು ಪದ ಹೊಡೆಸಿದರು.

"ನಿನ್ನ ಕಾಲು ಎಲ್ಲೋಯ್ತೇ?" ಅಂದರು ನಡುವೆ.

"ಇಲ್ಲೇ ಇದೆಯಲ್ಲ."

"ಬೆಳಗಿನಿಂದ ಒಂದೇ ಕಡೆ ಇದೆ. ಎದ್ದು ಹೋದೆಯೇನೋ, ಚಪ್ಪಲಿ ಬಿಟ್ಟು ಹೋಗಿದ್ದೀಯೇನೋ ಅಂದ್ಕೊಂಡೆ."

ಅವರ ಎಡಗಣ್ಣು ಇನ್ನಷ್ಟು ಮಬ್ಬಾಗಿರಬೇಕು. ವೈದ್ಯರಿಗೆ ಹೇಳಬೇಕು.

ಮಾರ್ಚ್ 18, ಮಂಗಳವಾರ

ನಿನ್ನೆ ನಮ್ಮ ವಿವರಣೆ ಬಂತು. ಇಂದು ಪದಬಂಧದ ಕೆಳಗೆ ನಾಲ್ಕು ಸಾಲು. ದೊಡ್ಡಮ್ಮ ಈಗ ಕೂರಬಹುದು. ಗೋಡೆಗೆ ಒರಗಿಸಿ ಕೂರಿಸಿ ಓದಿದೆ:

"ಆ ಮೂಲೆಯಲ್ಲಿ ಮೊದಲಿದ್ದದ್ದು 'ನೀತಿ'. ಹಿಂದಿನ ಭಾನುವಾರವೂ ಅದೇ ಪದ ಬಂದಿತ್ತೆಂದು ಕೊನೆಗಳಿಗೆಯಲ್ಲಿ ಕಂಡು ಕಿತ್ತುಹಾಕಿ 'ಪಂಜು' ಇಟ್ಟೆ. ನೀರಜ ಪಂಕಜವಾಯಿತು, ಸುಳಿವು ಹಾಗೇ ಉಳಿಯಿತು. ತಪ್ಪು ನನ್ನದು. ನನ್ನ ಸುಳಿವಿಗೆ ಉತ್ತರ ಹುಡುಕಿದವರು ಅನೇಕರಿದ್ದಾರೆ. ನನ್ನ ತಪ್ಪಿಗೆ ಉತ್ತರ ಹುಡುಕಿಕೊಟ್ಟದ್ದು ಇದೇ ಮೊದಲು. ಜೇಡ."

ದೊಡ್ಡಮ್ಮ ಎರಡು ಸಲ ಓದಿಸಿದರು. "ನೋಡಿದೆಯಾ, ಇಷ್ಟು ವರ್ಷಕ್ಕೆ ಮಾತಾಡಿದ," ಅಂದರು. "ಅದೂ ನಿನ್ನ ಹತ್ರ."

ಮಧ್ಯಾಹ್ನ ಫೋನ್. ಸಂಪಾದಕರು ನಾಳೆ ನನ್ನನ್ನು ನೋಡಬೇಕಂತೆ.

ಮಾರ್ಚ್ 19, ಬುಧವಾರ

ಕಚೇರಿ ಮೂರನೆಯ ಮಹಡಿ. ಸಂಪಾದಕರು ನಮ್ಮ ಬಸ್ ನಿಲ್ದಾಣದ ಹೂವಿನಜ್ಜಿಯಷ್ಟು ವಯಸ್ಸಾದ ಹೆಂಗಸು. ಮೇಜಿನ ಆ ಬದಿಗೆ ಕತ್ತರಿ. ನಾನು ಅಂದುಕೊಂಡ ಹಾಗಿಲ್ಲ. ಸಣಕಲು, ಸ್ವೆಟರ್ ಉಲ್ಟಾ ಹಾಕಿಕೊಂಡಿದ್ದರು. ಹೇಳಿದೆ. ನೋಡಿಕೊಂಡು ಇನ್ನಷ್ಟು ಸಿಡುಕಿದರು.

"ಪತ್ರ ಬಂದಿದ್ದು ಒಂದು ತಪ್ಪಿನಿಂದ ಮೇಡಂ," ಅಂದರು. "ದಿನಾ ತಪ್ಪು ಮಾಡೋಕಾಗುತ್ತಾ? ಜನಕ್ಕೆ ಬೇಕಾದ್ದು ಉತ್ತರ. ನೋಡಿ, ನಿನ್ನೇದೇ. 'ತಲೆ ಉರುಳಿದ ಮೇಲೆ ರಾಜನಲ್ಲಿ ಉಳಿದ ಸಾರ.' ರಸ. ಮುಗೀತು. ಇದಕ್ಕೆ ಮೂರು ಸಾಲು ಜಾಗ ಯಾಕೆ?"

"ಇವತ್ತಿನ ವಿವರಣೆ ಓದಲಿಲ್ವಾ?" ಎಂದೆ.

"ನನ್ನ ಕೆಲಸ ಅಳೆಯೋದು. ಓದೋದಲ್ಲ."

ಸಂಪಾದಕರು ಕನ್ನಡಕ ತೆಗೆದರು. "ಇಲ್ಲೇ ವಿವರಿಸಮ್ಮ ಇವರಿಗೆ. ನೋಡೋಣ."

ಹೇಳಿಬಿಡಬಹುದಿತ್ತು. ಆದರೆ ದೊಡ್ಡಮ್ಮ ನನಗೆ ಯಾವತ್ತೂ ಹಾಗೆ ಹೇಳಿಬಿಟ್ಟಿಲ್ಲ.

"ರಸ ಯಾಕೆ?" ಎಂದೆ.

"ಸಾರ ಅಂದ್ರೆ ರಸ. ಇದೇನು ಮಗ್ಗಿನಾ?"

"ರಾಜ ಯಾಕೆ ಬಂದ?"

"ಸುಮ್ನೆ. ಅಲಂಕಾರಕ್ಕೆ."

"ಸಂಬಳ ಕೊಡದೆ ಅಲಂಕಾರಕ್ಕೆ ರಾಜನನ್ನ ನಿಲ್ಲಿಸ್ತಾರಾ? ರಾಜನಿಗೆ ಬೇರೆ ಹೆಸರು ಹೇಳಿ."

"ದೊರೆ."

"ಇನ್ನೊಂದು."

"ನೃಪ. ಭೂಪ. ನಿಮ್ಮ ದೊಡ್ಡಮ್ಮ ಕೂಡ ಹೀಗೇ ತಲೆ ತಿನ್ನೋದು. ಅರಸ..."

ಸುಮ್ಮನೆ ಅವರನ್ನೇ ನೋಡಿದೆ. ಅವರು ಪೇಪರು ನೋಡಿದರು. ಹೆಬ್ಬೆರಳನ್ನು ಗಾಳಿಯಲ್ಲಿ, ಇಲ್ಲದ ಒಂದು ಅಕ್ಷರದ ಮೇಲೆ ಇಟ್ಟರು. ಅವರ ತುಟಿ 'ಅ' ಅಂದಿತು, ಆಮೇಲೆ 'ತಲೆ' ಅಂದಿತು.

"ಅಯ್ಯಯ್ಯೋ!" ಕುರ್ಚಿ ಹಿಂದಕ್ಕೆ ಹೋಯಿತು. "ಅರಸನ ತಲೆ! ಅ! ಹೋದ್ರೆ ರಸ! ಉರುಳಿತು ಮೇಡಂ, ತಲೆ ಉರುಳಿತು!" ಹೊರಗೆ ಟೈಪು ಮಾಡುತ್ತಿದ್ದವರೆಲ್ಲ ಎದ್ದು ನಿಂತು ಗಾಜಿನೊಳಗೆ ಇಣುಕಿದರು. ಯಾರ ತಲೆ ಉರುಳಿತೋ ಎಂದು.

ಸಂಪಾದಕರು ಕನ್ನಡಕ ಹಾಕಿಕೊಂಡರು. "ಈ ಸದ್ದಿಗೆ ಎಷ್ಟು ಸಾಲು ಜಾಗ ಬೇಕು, ಅಳೆದು ಹೇಳಿ," ಅಂದರು ಅವರಿಗೆ.

ಅವರು ಕೂತರು. ಪುಟದ ಮೇಲೆ ಅಳತೆಪಟ್ಟಿ ಇಟ್ಟರು. "ಹವಾಮಾನದ ಸೂರ್ಯನ ಚಿತ್ರ ಸಣ್ಣದು ಮಾಡ್ತೀನಿ," ಅಂದರು.

ಅಂಕಣ ಉಳಿಯಿತು. ದೊಡ್ಡಮ್ಮನದೇ. ಜೊತೆಗೆ ನನ್ನದೂ. ಇಬ್ಬರೂ ಒಪ್ಪದಿದ್ದ ಕಡೆ ಇಬ್ಬರದ್ದೂ ಅಚ್ಚಾಗಬೇಕು, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಅಚ್ಚಾಗಬೇಕು ಎಂದು ಕೇಳಿದೆ. ಸಂಪಾದಕರು ಒಪ್ಪಿದರು.

ಮೆಟ್ಟಿಲು ಇಳಿಯುತ್ತಿದ್ದೆ. ಹಿಂದಿನಿಂದ ಕತ್ತರಿ ಓಡಿಬಂದರು. ಕೈಯಲ್ಲಿ ಅದೇ ಪೇಪರು, ಸ್ವೆಟರ್ ಇನ್ನೂ ಉಲ್ಟಾ.

"ಏ ಹುಡುಗಿ, ಈ ಒಂಬತ್ತು ಕೆಳಕ್ಕೆ ಇದೆಯಲ್ಲ... ಉತ್ತರ ಹೇಳಬೇಡ. ಎಲ್ಲಿಂದ ಶುರು ಮಾಡಲಿ, ಅಷ್ಟು ಹೇಳು."

ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ. ಹೋಗುವವರು ಬರುವವರು ದಾಟಿಕೊಂಡು ಹೋದರು. ಅವರಿಗೆ ಸಿಗುವವರೆಗೂ ಕೂತಿದ್ದೆ.